ಕೆಳಸುರಂಗದ ಬಂಡೆಗೆ ರಜೆ ಮಂಜೂರಾದದ್ದು

ಸುರಕ್ಷತಾ ಪಾಠ ಕೇಳದವರಾರೂ ಗಣಿಯೊಳಗೆ ಇರಕೂಡದು ಎಂಬುದು ಕಾಲ್ಗೂರ್ಲಿ ಪಟ್ಟಣದಾಚೆಯ ಲೇಡಿ ಪ್ರುಡೆನ್ಸ್ ಚಿನ್ನದ ಗಣಿಯ ಮೊದಲ ನಿಯಮ. ಪರ್ತ್‌ನಿಂದ ಬಂದ ಕಂಪನಿ ನಿರ್ದೇಶಕರು ಪಾಠ ಕೇಳಿದ್ದರು. ನಲ್ಲಿ ರಿಪೇರಿಯವನು ಕೇಳಿದ್ದ. ಕ್ರಿಸ್‌ಮಸ್‌ಗೆ ಹರಸಲು ಬಂದ ಪಾದ್ರಿಗಳು ಕೂಡ ಕೊಳವೆ ಊದಿ, ಉಸಿರಿನಲ್ಲಿ ಮದ್ಯವಿಲ್ಲವೆಂದು ತೋರಿಸಿ, ಪಾಠ ಕೇಳಿಯೇ ಇಳಿದಿದ್ದರು. ಕೇಳದೆ ಉಳಿದದ್ದು ಬಂಡೆಯೊಂದೇ.

ಈ ಲೋಪ ಬಯಲಾಗಲು ಕಾರಣಳಾದವಳು ಬ್ರಾನ್ವೆನ್ ಟ್ರಿಲೋರ್. ಆಳದ ಬಂಡೆ ಎಷ್ಟು ಭಾರ ತಡೆಯುತ್ತದೆ, ಯಾವಾಗ ಬಿರಿಯುತ್ತದೆ ಎಂದು ಲೆಕ್ಕ ಹಾಕುವುದು ಅವಳ ಉದ್ಯೋಗ. ಬುಧವಾರ ಬೆಳಗಿನ ಸಭೆಯಲ್ಲಿ ಅವಳು ಎದ್ದು ನಿಂತಳು.

"ಕೆಳಸುರಂಗದ ಚಾವಣಿ ಸಿಡೀತಾ ಇದೆ, ಡೆಸ್. ಉಪಕರಣಗಳಲ್ಲಿ ಸದ್ದು ಏರ್ತಾನೇ ಇದೆ. ಮಿಲೆಯ ತಂಡವನ್ನ ಇವತ್ತು ಅಲ್ಲಿಗೆ ಕಳಿಸಬೇಡ."

ವ್ಯವಸ್ಥಾಪಕ ಡೆಸ್ ಹ್ಯಾಕೆಟ್ ಚಹಾ ಕಲಕಿದ. ಅಪಘಾತರಹಿತ ವರ್ಷದ ಫಲಕ ಶುಕ್ರವಾರ ಬರುವುದಿತ್ತು, ಜೊತೆಗೆ ಸಾಸೇಜ್ ಸುಡುವ ಔತಣ. ಅಪಾಯವೆಂದು ಸುರಂಗ ಮುಚ್ಚಿದರೆ ಅದು 'ಘಟನೆ'. ಘಟನೆಯಾದರೆ ಫಲಕವಿಲ್ಲ.

"ಅಪಾಯ ಇದೆ ಅಂತ ವರದಿ ಮಾಡಿದ್ದು ಯಾರು?"

"ಬಂಡೆ."

"ಅದಕ್ಕೆ ಪಾಠ ಆಗಿದೆಯಾ?"

"ಬಂಡೆಗೆ?"

"ಪಾಠ ಆಗದವರ ವರದಿ ತಗೊಳ್ಳೋ ಹಾಗಿಲ್ಲ. ನಿಯಮ ನಂದಲ್ಲ, ತಾಯಿ. ಸಹಿ ಮಾತ್ರ ನಂದು."

ಹೊರಗೆ ಬೆಂಚಿನ ಮೇಲೆ, ಸುರಂಗ ಕೊರೆಯುವ ಮಿಲೆ ಬಾಬಿಚ್ ಬೂಟು ಹಾಕಿಕೊಳ್ಳುತ್ತಿದ್ದ.

"ನನ್ನ ಹೆಂಡತಿ ಗೊರಕೆ ಹೊಡೆದ್ರೆ ನಾನು ಪಕ್ಕದ ಕೋಣೆಗೆ ಹೋಗ್ತೀನಿ, ಬ್ರಾನ್ವೆನ್. ಈ ಬಂಡೆ ಅದಕ್ಕಿಂತ ಜೋರು. ಅದರಡೀಲೇ ನಿಲ್ಲಬೇಕಂತೆ."

"ಬೂಟಿನ ಲೇಸು ನಿಧಾನಕ್ಕೆ ಕಟ್ಟು. ಒಂದು ಗಂಟೆ ತಗೋ."

"ಲೇಸಿಗೆ ಒಂದು ಗಂಟೆನಾ?"

"ಇನ್ನೊಂದು ಕಾಲಿದೆಯಲ್ಲ. ಎರಡು ತಗೋ."

ಕೆಳಸುರಂಗದಿಂದ ಕೊರೆದು ತೆಗೆದ, ಲಟ್ಟಣಿಗೆ ಗಾತ್ರದ ಬಂಡೆಯ ತುಂಡೊಂದು ಬ್ರಾನ್ವೆನ್‌ಳ ಮೇಜಿನ ಮೇಲಿತ್ತು. ಬಂಡೆಯ ಪ್ರತಿನಿಧಿಯೆಂದು ಅದನ್ನೇ ಪಾಠದ ಕೋಣೆಗೆ ಒಯ್ದಳು. ತರಬೇತಿ ಅಧಿಕಾರಿ ಗ್ವೆಂಡಾ ಪಾಸ್ಕೋ ಹುಬ್ಬೇರಿಸದೆ ಅದಕ್ಕೆ ಹಳದಿ ಅಂಗಿ ತೊಡಿಸಿ, ಮುಂದಿನ ಕುರ್ಚಿ ಕೊಟ್ಟಳು. ಉಸಿರಿನಲ್ಲಿ ಮದ್ಯ ಕಾಣಲಿಲ್ಲ. ಪರೀಕ್ಷೆಯಲ್ಲಿ ಒಂದೂ ತಪ್ಪುತ್ತರ ಕೊಡದ ಕಾರಣ ತೇರ್ಗಡೆಯೆಂದು ಘೋಷಿಸಲಾಯಿತು.

"ತೂಕಡಿಸದೆ ಪಾಠ ಕೇಳಿದವರು ಈ ವರ್ಷ ಇವರೊಬ್ಬರೇ" ಎಂದಳು ಗ್ವೆಂಡಾ.

ಬ್ರಾನ್ವೆನ್ ನೇರ ಡೆಸ್‌ನ ಕೋಣೆಗೆ ನಡೆದಳು. "ಈಗ ವರದಿ ತಗೋ."

"ತಗೊಂಡೆ. ಶನಿವಾರ ಪರಿಶೀಲಿಸ್ತೀನಿ."

ಹೊರಗೆ ಮಿಲೆ ಎರಡನೆಯ ಬೂಟಿಗೆ ಬಂದಿದ್ದ. ಬ್ರಾನ್ವೆನ್ ಗೋಡೆಯ ಮೇಲಿನ ದಣಿವಿನ ನಿಯಮವನ್ನು ನೋಡಿದಳು.

"ಹಾಗಾದ್ರೆ ಇನ್ನೊಂದು ವಿಷಯ. ಅದೀಗ ನಮ್ಮ ಸಿಬ್ಬಂದಿ. ಹನ್ನೆರಡು ಗಂಟೆ ಮೀರಿ ದುಡಿದವರನ್ನ ಕೂಡಲೇ ಮನೆಗೆ ಕಳಿಸಬೇಕು. ಬದಲಿ ಬರೋ ತನಕ ಅವರು ದುಡೀತಿದ್ದ ಜಾಗಕ್ಕೆ ಯಾರೂ ಹೋಗಕೂಡದು. ನಿನ್ನ ಸಹಿ ಇದೆ."

"ಎಷ್ಟು ಹೊತ್ತಿಂದ ಪಾಳಿಯಲ್ಲಿದೆ ಅದು?"

"ಡೈನೋಸಾರ್ ಹುಟ್ಟೋಕೂ ಮುಂಚಿನಿಂದ."

"ಮಧ್ಯೆ ಊಟಕ್ಕೆ ಬಿಟ್ಟಿದ್ದೀವಲ್ಲ?"

"ಇಲ್ಲ."

ಡೆಸ್‌ನ ಮುಖ ಬಿಳಿಚಿತು. ಮನುಷ್ಯರ ಮೇಲೆ ಚಾವಣಿ ಬೀಳುವ ಸಂಗತಿಗೆ ಹೆದರದವನು ಕಾರ್ಮಿಕ ಇಲಾಖೆಗೆ ಹೆದರಿದ. ರಜೆಯೆಂಬುದು ಘಟನೆಯಲ್ಲವೆಂದು ಖಚಿತಪಡಿಸಿಕೊಂಡು ಮಂಜೂರು ಮಾಡಿದ. ಕೆಳಸುರಂಗದ ಬಾಯಿಗೆ ಸರಪಳಿ ಕಟ್ಟಿ ಪ್ರಕಟಣೆ ತೂಗಿಸಲಾಯಿತು: 'ಬಂಡೆಯವರು ವಿಶ್ರಾಂತಿಯಲ್ಲಿದ್ದಾರೆ. ಯಾರೂ ತೊಂದರೆ ಕೊಡತಕ್ಕದ್ದಲ್ಲ.'

ಹನ್ನೊಂದರ ಚಹಾದ ಹೊತ್ತಿಗೆ ಲೋಟಗಳು ಮೇಜಿನ ಮೇಲೆ ಕುಣಿದವು. ಕೆಳಸುರಂಗದ ಚಾವಣಿ ಪೂರ್ತಿ ಕುಸಿದು, ಮಿಲೆಯ ತಂಡ ನಿಲ್ಲಬೇಕಿದ್ದ ಜಾಗ ಕಲ್ಲಿನಿಂದ ತುಂಬಿತ್ತು. ಮಿಲೆ ಕೈಯಲ್ಲಿದ್ದ ಲೇಸನ್ನು ನೋಡಿದ, ಬ್ರಾನ್ವೆನ್‌ಳನ್ನು ನೋಡಿದ.

ವಿಚಾರಣಾ ವರದಿ ಸಂಜೆಯೇ ಸಿದ್ಧವಾಯಿತು: 'ಸದರಿ ಬಂಡೆಯು ರಜೆಯ ಅವಧಿಯಲ್ಲಿ ಖಾಸಗಿಯಾಗಿ ಬಿದ್ದಿರುವುದರಿಂದ ಇದು ಘಟನೆಯಲ್ಲ.'

ಶುಕ್ರವಾರ ಫಲಕ ಬಂತು. ಹಳದಿ ಅಂಗಿಯ ಪ್ರತಿನಿಧಿಯ ಮುಂದೆಯೂ ಬ್ರೆಡ್ಡಿನಲ್ಲಿ ಸುತ್ತಿದ ಸಾಸೇಜು ಇಡಲಾಯಿತು, ಹುರಿದ ಈರುಳ್ಳಿ ಸಹಿತ. ನಿರ್ದೇಶಕರು ಅದರ ಬೆನ್ನು ತಟ್ಟಿದರು. ದಣಿದ ಸಿಬ್ಬಂದಿಗೆ ಬದಲಿ ಒದಗಿಸದೆ ರಜೆ ಕೊಡಿಸಿದ್ದಕ್ಕಾಗಿ ಬ್ರಾನ್ವೆನ್‌ಗೆ ಛೀಮಾರಿ ಹಾಕಲಾಯಿತು. ಅದು ನ್ಯಾಯವೆಂದು ಅವಳಿಗೂ ತೋರಿತು.

"ಬದಲಿ ಯಾರಾದ್ರೂ ಸಿಕ್ಕಿದ್ರಾ?" ಎಂದ ಮಿಲೆ, ಬಾಯಿ ಒರೆಸಿಕೊಳ್ಳುತ್ತಾ.

"ಅದರ ಮೇಲಿನ ಬಂಡೆ ಇದೆ. ಪಾಠ ಒಂದು ಬಾಕಿ."

"ಅದೇನಾದ್ರೂ ಸದ್ದು ಮಾಡ್ತಿದೆಯಾ?"

"ನಿನ್ನೆಯಿಂದ."

ಮಿಲೆ ಬಗ್ಗಿ ಬೂಟಿನ ಲೇಸು ಬಿಚ್ಚತೊಡಗಿದ.

ಸೋಮವಾರ ಗ್ವೆಂಡಾ ಮುಂದಿನ ಸಾಲಿನಲ್ಲಿ ಎರಡು ಕುರ್ಚಿ ಹಾಕಿಸಿದಳು. ಹಳಬರು ಪಕ್ಕದಲ್ಲಿದ್ದರೆ ಹೊಸಬರಿಗೆ ಧೈರ್ಯ ಎಂದಳು. ಹೌದೆಂದು ಎಲ್ಲರೂ ತಲೆಯಾಡಿಸಿದರು.