ತಣ್ಣೀರಿನ ಬಿಸಿ

ಕಬ್ಬಿಣದ ಜೊತೆ ಬದುಕಿದವನಿಗೆ ಇಂಥ ಪ್ರಸಂಗಗಳು ಆಗುತ್ತಲೇ ಇರುತ್ತವೆ. ನಾನು ಸೋಮನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ವೆಲ್ಡರ್ ಆಗಿದ್ದೆ. ನನ್ನ ಜೊತೆಗಾರನೊಬ್ಬ ಅಲ್ಲೇ ನಿಕ್ಕಲ್ ಲೇಪನದ ತೊಟ್ಟಿ ನೋಡಿಕೊಳ್ಳುತ್ತಿದ್ದ. ಈಗ ಅವನಿಲ್ಲ.

೧. ಸಾರು

ವೆಲ್ಡಿಂಗ್ ರಾಡನ್ನು ಓವನ್ನಿನಲ್ಲಿ ಒಣಗಿಸಿಯೇ ಬಳಸಬೇಕು. ತೇವವಿದ್ದರೆ ಅದರ ಹೈಡ್ರೋಜನ್ ಬೆಸುಗೆಯೊಳಗೆ ಸೇರುತ್ತದೆ. ಅವತ್ತು ಗಟ್ಟಿ ಕಾಣುತ್ತದೆ, ಎರಡು ದಿನ ಬಿಟ್ಟು ಬಿರಿಯುತ್ತದೆ. ಆ ಓವನ್ನಿನಲ್ಲಿ ಈ ಜೊತೆಗಾರ ದಿನಾ ಊಟದ ಡಬ್ಬಿ ಬಿಸಿಗಿಡುತ್ತಿದ್ದ. ಒಂದು ದಿನ ಕಬ್ಬಿನ ಟ್ರೈಲರಿನ ಕೊಕ್ಕೆ ಮುರಿಯಿತು. ನನ್ನ ಬೆಸುಗೆ.

"ನಿನ್ನ ಸಾರಿನ ಆವಿ ಕಣ್ಲಾ, ಕಬ್ಬಿಣ ಮುರೀತು," ಎಂದೆ.

"ಸಾರಿಗೆ ಅಷ್ಟು ಸಕ್ತಿ ಇದ್ದಿದ್ರೆ ನಾನ್ಯಾಕ್ಲಾ ಹಿಂಗೆ ಸೊರಗ್ತಿದ್ದೆ?"

೨. ಜಾಡಿ

ಕೆಲಸ ಬಿಟ್ಟ ಮೇಲೆ ಅವನು ಭಾರತೀನಗರದಲ್ಲಿದ್ದ. ಕಾಯಿಲೆ ಬಿತ್ತು. ಡಾಕ್ಟರು ಹೆಚ್ಚು ದಿನವಿಲ್ಲ ಎಂದರು. ಆಗ ಎಲ್ಲೋ ಓದಿದ: ಲೋಹ ಮುರಿಯುವ ಅದೇ ಹೈಡ್ರೋಜನ್ ಲೋಹದೊಳಗೆ ಒತ್ತೊತ್ತಾಗಿ ತುಂಬಿದರೆ, ಅದರ ಪರಮಾಣುಗಳು ಒಂದಕ್ಕೊಂದು ಬೆಸೆದು, ತಣ್ಣೀರಿನಲ್ಲೇ ಶಾಖ ಹುಟ್ಟಬಹುದಂತೆ. ಬಹಳ ವಿಜ್ಞಾನಿಗಳು ಒಪ್ಪುವುದಿಲ್ಲ ಎಂದೆ.

"ಅವ್ರು ಒಪ್ದಿದ್ರೆ ಬುಡು. ಸಾಯೋದ್ರೊಳ್ಗೆ ಒಂದ್ಸಲ ಬಿಸಿಯಾಗೋದ್ ನೋಡ್ಬೇಕು."

ನೀರು ತುಂಬಿದ ಉಪ್ಪಿನಕಾಯಿ ಜಾಡಿ, ಅದರಲ್ಲಿ ನಿಕ್ಕಲ್ ತುಂಡು, ಸ್ಕೂಟರ್ ಬ್ಯಾಟರಿ, ಥರ್ಮಾಮೀಟರು. ಮೂರು ತಿಂಗಳು ಕಾದ. ಒಂದು ಬೆಳಿಗ್ಗೆ, ಆಗ ನಾನಿದ್ದ ಮದ್ದೂರಿನಿಂದ ನನ್ನನ್ನು ಕರೆಸಿದ. ಮೂರು ಡಿಗ್ರಿ ಏರಿತ್ತು. ಅವನ ಕಣ್ಣು ತುಂಬಿತ್ತು.

ಅವನ ಹೆಂಡತಿ ನನ್ನನ್ನು ಅಡುಗೆಮನೆಗೆ ಕರೆದರು. "ಸುಮ್ಕಿರಣ್ಣ. ನಾನೇ ಜಾಡಿಗೆ ಒಂದ್ಲೋಟ ಬಿಸ್ನೀರು ಉಯ್ದೆ. ನೋಡಕ್ಕಾಗ್ನಿಲ್ಲ."

ಅವನ ಬಳಿಗೆ ವಾಪಸ್ ಹೊರಟೆ.

"ನಾಳೀಕೆ ಎಷ್ಟ್ ಡಿಗ್ರಿ ಬೇಕು ಅಂತ ಕೇಳ್ಕ ಬಾರಣ್ಣ," ಎಂದರು.

೩. ಬೆರಳು

ಕೊನೆಗೆ ಏಳಲಾರದೆ ಮಂಚ ಹಿಡಿದ. ಜಾಡಿ ಕಿಟಕಿಯಲ್ಲಿತ್ತು.

"ಬೆರಳಿಟ್ಟು ನೋಡ್ಲಾ."

ಇಟ್ಟೆ. ಬಾವಿ ನೀರಿನಷ್ಟು ತಣ್ಣಗಿತ್ತು. ಕೆಟ್ಟ ಬೆಸುಗೆಯನ್ನು ಒಳ್ಳೆಯದೆಂದು ನಾನು ಯಾರಿಗೂ ಹೇಳಿದವನಲ್ಲ.

"ಬಿಸಿ ಅದೆ ಕಣ್ಲಾ," ಎಂದೆ.

ಅವನು ನನ್ನನ್ನೇ ನೋಡಿದ. ಕೆಮ್ಮು ಬರುವವರೆಗೂ ನಕ್ಕ.

"ಬ್ಯಾಟ್ರಿ ತೆಗ್ಸಿ ಮೊಮ್ಮಗಳ ಸ್ಕೂಟ್ರಿಗೆ ಹಾಕ್ಸಿ ವಾರ ಆಯ್ತು ಕಣ್ಲಾ."

ಆಮೇಲೆ ಅಡುಗೆಮನೆಯಲ್ಲಿದ್ದ ಹೆಂಡತಿಯ ಕಡೆ ತಿರುಗಿ, ಇದ್ದ ಉಸಿರಿನಲ್ಲೇ ಕೂಗಿದ: "ಅಮ್ಮೀ, ಜಾಡಿಗೆ ಉಯ್ದು ಉಳ್ದಿರೋ ಬಿಸ್ನೀರಿದ್ರೆ ಇವ್ನಿಗೊಂದ್ಲೋಟ ಕಾಪಿ ಮಾಡ್ಕೊಡು."