ಹತ್ತಿ ಕೊಳ್ಳುವವನ ರಗ್ಬಿ

ಹೊಗಳಲು ಬಾರದವರು ಜಗತ್ತಿನಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಹೊಗಳದೆ ಇರುವುದಕ್ಕೇ ಸಂಬಳ ತೆಗೆದುಕೊಳ್ಳುವವರು ಕಡಿಮೆ. ನಾನು ಆ ಕಡಿಮೆಯವರಲ್ಲೊಬ್ಬ. ಶಹಾಪುರದ ಒಂದು ಜಿನ್ನಿಂಗ್ ಮಿಲ್ಲಿಗೆ ಹತ್ತಿ ಖರೀದಿಸುವುದು ನನ್ನ ಕೆಲಸ. ರೈತರು ಗಾಡಿ ತಂದು ನಿಲ್ಲಿಸುತ್ತಾರೆ. ನಾನು ಒಂದು ಹಿಡಿ ಹತ್ತಿ ಕಿತ್ತು, ಎಳೆ ಎಳೆದು ನೋಡಿ, ಮುಖ ಹುಳ್ಳಗೆ ಮಾಡಿಕೊಂಡು ‘ಸುಮಾರದ’ ಎನ್ನಬೇಕು. ಹತ್ತಿ ಹಾಲಿನಷ್ಟು ಬೆಳ್ಳಗಿದ್ದರೂ ‘ಸುಮಾರದ’. ಬಾಯಿ ತಪ್ಪಿ ‘ಭೇಷ್’ ಅಂದೆನೋ, ದರ ಅಲ್ಲೇ ಏರಿತು, ಮಾಲೀಕರ ಹುಬ್ಬೂ ಏರಿತು. ಒಮ್ಮೆ ಗೋಗಿ ಊರಿನ ರೈತರೊಬ್ಬರು ತಡೆಯಲಾರದೆ ಕೇಳಿಯೇ ಬಿಟ್ಟರು: “ಅಲ್ರೀ, ಹೆಣ್ಣು ನೋಡಾಕ ಹೋದಾಗೂ ಹಿಂಗೇ ಸುಮಾರದ ಅಂದಿದ್ರೇನ್ರಿ?” ಅಂದಿದ್ದೆ. ನನ್ನ ಹೆಂಡತಿ ನಾಗಮ್ಮ ಅದನ್ನು ಇವತ್ತಿಗೂ ಮರೆತಿಲ್ಲ.

ಆದರೆ ಮನುಷ್ಯನ ಹೊಟ್ಟೆಯಲ್ಲಿ ಹೊಗಳಿಕೆ ಎಷ್ಟು ದಿನ ಅಂತ ಕೊಳೆಯಬೇಕು? ನನ್ನದಕ್ಕೆ ದಾರಿ ಸಿಕ್ಕಿದ್ದು ಟಿವಿಯಲ್ಲಿ. ಕೇಬಲ್‌ನವನು ನಾಗಮ್ಮ ಕೇಳಿದ ಧಾರಾವಾಹಿಯ ಚಾನೆಲ್ ಬಿಟ್ಟು ಯಾವುದೋ ಆಟದ ಚಾನೆಲ್ ಹಚ್ಚಿಕೊಟ್ಟು ಹೋದ. ಅದರಲ್ಲಿ ರಗ್ಬಿ ಬರುತ್ತಿತ್ತು. ಮೊಟ್ಟೆಯಂಥ ಚೆಂಡು, ಮುಂದಕ್ಕೆ ಓಡಬೇಕು, ಆದರೆ ಕೈಯಿಂದ ಎಸೆದರೆ ಹಿಂದಕ್ಕೇ ಎಸೆಯಬೇಕು. ನಮ್ಮ ಅಣ್ಣತಮ್ಮಂದಿರ ಹೊಲದ ಪಾಲು ವಾಟಣಿಯೂ ಹೀಗೇ ನಡೆದದ್ದರಿಂದ ನನಗೆ ಆಟ ಬೇಗ ತಿಳಿಯಿತು. ಎಲ್ಲಕ್ಕಿಂತ ಮುಖ್ಯವಾಗಿ, ಆ ಹುಡುಗರನ್ನು ನಾನು ಖರೀದಿಸಬೇಕಾಗಿರಲಿಲ್ಲ. ಎಷ್ಟು ಹೊಗಳಿದರೂ ದರ ಏರುವ ಭಯವಿಲ್ಲ. ಬಾಯಿ ಬಿಟ್ಟೆ ನೋಡಿ!

ಈಗ ನಮ್ಮ ಓಣಿಯಲ್ಲಿ ಯಾವ ದೇಶದ ತಂಡ ಹೇಗಿದೆ ಎಂದು ಹೇಳಬಲ್ಲವನು ನಾನೊಬ್ಬನೇ. ಕೇಳುವವರು ಯಾರೂ ಇಲ್ಲ, ಅದು ಬೇರೆ ಮಾತು. ದಕ್ಷಿಣ ಆಫ್ರಿಕಾದವರದು ಗಟ್ಟಿ ಕುಳಗಳ ತಂಡ. ಹಳಬರು ದಣಿಯುವ ಹೊತ್ತಿಗೆ ಬೆಂಚಿನಿಂದ ಅಷ್ಟೇ ದಪ್ಪನೆಯ ಹೊಸಬರು ಎದ್ದು ಬರುತ್ತಾರೆ. ಐರ್ಲೆಂಡಿನವರು ಹಳೇ ಎತ್ತುಗಳನ್ನೇ ಬಹಳ ದಿನ ನಂಬಿದರು, ಕರುಗಳನ್ನು ನೊಗಕ್ಕೆ ಹೂಡಲು ತಡಮಾಡಿದರು ಎಂಬುದು ನನ್ನ ತಕರಾರು. ನ್ಯೂಜಿಲೆಂಡಿನವರು ಸೋತರೆ ನನಗೇ ಊಟ ಸೇರುವುದಿಲ್ಲ. ಫಿಜಿಯ ಹುಡುಗರು ಚೆಂಡನ್ನು ಒಂದೇ ಕೈಯಲ್ಲಿ ಹಿಡಿದು ನಗುತ್ತಾ ಓಡುತ್ತಾರೆ. ಇನ್ನು ಫ್ರಾನ್ಸಿನ ಇಪ್ಪತ್ತು ಇಪ್ಪತ್ತೊಂದರ ಹುಡುಗರು! “ಎಂಥಾ ಕೈ! ಎಂಥಾ ಕಾಲು! ತಾಯಿ ಹೊಟ್ಟಿ ತಣ್ಣಗಿರ್ಲಿ!” ಎಂದು ನಾನು ಕೂಗಿದರೆ ನಾಗಮ್ಮ ಅಡುಗೆಮನೆಯಿಂದ, “ಮಂದಿ ಮಕ್ಕಳಿಗೆ ನೆದರ ಹಚ್ಚಬ್ಯಾಡ್ರಿ, ಬಿದ್ದು ಗಿದ್ದಾವು” ಎನ್ನುತ್ತಾಳೆ. ಅವರು ಬೀಳುವುದೇ ಆಟ ಎಂದು ಅವಳಿಗೆ ಇನ್ನೂ ಹೇಳಿಲ್ಲ.

ನನ್ನ ಪಕ್ಕದಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದವಳು ಮಗಳು ರೇಣುಕಾ. ನೋಡುತ್ತ ನೋಡುತ್ತ ಅವಳಿಗೂ ಹುಚ್ಚು ಹತ್ತಿತು. ಯಾದಗಿರಿಯ ಕಾಲೇಜು ಸೇರಿದ ಮೇಲೆ ಅಲ್ಲಿನ ಹೆಣ್ಣುಮಕ್ಕಳ ರಗ್ಬಿ ತಂಡದಲ್ಲಿ ಆಡತೊಡಗಿದಳು. ಮೊಣಕಾಲು ಕೆತ್ತಿಸಿಕೊಂಡು ಮನೆಗೆ ಬರುತ್ತಿದ್ದಳು. ನಾಗಮ್ಮ ಅರಿಶಿನ ಹಚ್ಚುತ್ತ ನನ್ನನ್ನು ಬೈಯುತ್ತಿದ್ದಳು. ಒಂದು ಸಂಜೆ ನಾನು ಟಿವಿಯಲ್ಲಿ ಯಾರನ್ನೋ “ಇಪ್ಪತ್ತು ವರ್ಷಕ್ಕ ಇಷ್ಟು ಆಡ್ತಾನಲ್ಲ!” ಎಂದು ಕೊಂಡಾಡುತ್ತಿದ್ದಾಗ ಅವಳು ಮೆಲ್ಲಗೆ, “ಅಪ್ಪ, ನಾನೂ ಇಪ್ಪತ್ತರಾಕಿನೇ” ಎಂದಳು. ನಾನು ಹೂಂ ಎಂದು ಪರದೆ ನೋಡಿದೆ.

ಯಾದಗಿರಿಯ ಮೈದಾನದಲ್ಲಿ ಅವಳ ಪಂದ್ಯಕ್ಕೆ ನಾವಿಬ್ಬರೂ ಹೋದೆವು. ಚೆಂಡು ಎದೆಗವಚಿಕೊಂಡು ಅವಳು ಮೈದಾನದ ಅಂಚಿಗುಂಟ ಓಡಿದಳು ನೋಡಿ, ಹಿಡಿಯಲು ಬಂದವರೆಲ್ಲ ಗಾಳಿ ಹಿಡಿದರು. ಗೆರೆ ದಾಟಿ ಚೆಂಡು ನೆಲಕ್ಕೆ ಮುಟ್ಟಿಸಿ, ಅಂಕ ಗಳಿಸಿ ಎದ್ದಳು. ಟಿವಿಯಲ್ಲಾಗಿದ್ದರೆ ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದೆ. ಪಂದ್ಯ ಮುಗಿದ ಮೇಲೆ ಬೆವರಿಳಿಯುತ್ತಿದ್ದ ಮುಖದಲ್ಲಿ ಓಡಿಬಂದು “ಹ್ಯಾಂಗಿತ್ತಪ್ಪ?” ಎಂದಳು.

“ಸುಮಾರಿತ್ತು. ಎಡಗೈ ಪಾಸು ಇನ್ನಾ ಕಚ್ಚಾ ಅದ” ಎಂದೆ.

ಅವಳ ಮುಖ ಬಾಡಿತು. ನಾಗಮ್ಮ ನನ್ನನ್ನು ನೋಡಿದ ನೋಟವನ್ನು ಬರೆಯುವಂತಿಲ್ಲ. ಮಗಳು ಮುಂದಿನ ಸಲ ಮನೆಗೆ ಬಂದಾಗ ಟಿವಿ ಹಚ್ಚಿದರೆ ಓದುವುದಿದೆ ಎಂದು ಎದ್ದು ಹೋದಳು. ಒಬ್ಬನೇ ಕೂತು ಕೂಗಿದರೆ ರಗ್ಬಿಯೂ ರುಚಿಸುವುದಿಲ್ಲ ಎಂದು ನನಗೆ ಆಗ ತಿಳಿಯಿತು.

ಕಳೆದ ತಿಂಗಳು ರಾಜ್ಯದ ತಂಡದ ಆಯ್ಕೆಗೆ ಹೋಗಿದ್ದಳು. ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಫೋನ್ ಬಂತು. “ಅಪ್ಪ, ನನ್ನ ಹೆಸರು ಬರ್ಲಿಲ್ಲ. ನೀ ಹೇಳಿದ್ದು ಖರೇ ಅದ, ಎಡಗೈ ಕಚ್ಚಾನೇ. ಆಟ ಬಿಟ್ಟುಬಿಡ್ತೀನಿ. ಸಾಕಾಗ್ಯಾದ.” ನನ್ನ ಮಾತನ್ನೇ ಅವಳ ಬಾಯಲ್ಲಿ ಕೇಳಿ ಕೈಯಲ್ಲಿದ್ದ ರೊಟ್ಟಿ ತಟ್ಟೆಯಲ್ಲಿಟ್ಟೆ.

“ಎಡಗೈ ಸುಡುಗಾಡಿಗೆ ಹೋಗ್ಲಿ” ಎಂದೆ. “ಯಾದಗಿರ್ಯಾಗ ನೀ ಓಡಿದ್ದು ನೋಡೀನಲ್ಲ, ಅಂಥಾ ಓಟ ನಾ ಟಿವಿಯಾಗೂ ನೋಡಿಲ್ಲ. ಭಾಳ ಚಂದ ಆಡ್ತಿ ಮಗಳ. ಬಿಡಬ್ಯಾಡ.”

ಆ ಕಡೆಯಿಂದ ಗಾಬರಿಯ ದನಿ ಬಂತು: “ಅಪ್ಪ, ನೀ ಆರಾಮ ಅದಿ ಇಲ್ಲ? ಅವ್ವಗ ಫೋನ್ ಕೊಡು.”

ಕೊಟ್ಟೆ. ನಾಗಮ್ಮ ಕೇಳುತ್ತ ಕೇಳುತ್ತ ನನ್ನ ಹಣೆಯ ಮೇಲೆ ಕೈಯಿಟ್ಟು ನೋಡಿದಳು. “ಮೈ ಸುಡಾಂಗಿಲ್ಲವ್ವ, ತಣ್ಣಗ ಅದಾರ” ಎಂದು ಮಗಳಿಗೆ ವರದಿ ಒಪ್ಪಿಸಿ, ಫೋನನ್ನು ನನ್ನ ಬಾಯಿಗೆ ಹಿಡಿದಳು. “ಜ್ವರ ಇಲ್ಲಾಂದ್ರ ಅದನ್ನೇ ಇನ್ನೊಮ್ಮೆ ಅನ್ನಬೇಕಂತ್ರಿ, ಆಮ್ಯಾಗ ಆಟ ಬಿಡೋದೋ ಬ್ಯಾಡೋ ಹೇಳ್ತಾಳಂತ.”

ಎರಡನೇ ಸಲ ಹೇಳುವುದು ಮೊದಲಿಗಿಂತ ಕಷ್ಟ. ಹೇಳತೊಡಗಿದೆ, “ಭಾಳ ಚಂದ” ಎನ್ನುವಷ್ಟರಲ್ಲಿ ಕಣ್ಣೂ ಮೂಗೂ ಸೋರತೊಡಗಿದವು. ನಾಗಮ್ಮ ಫೋನು ಕಸಿದುಕೊಂಡು ಮಗಳಿಗೆ ಹೇಳಿದಳು: “ಜ್ವರ ಇಲ್ಲವ್ವ, ನಿಮ್ಮಪ್ಪಗ ನೆಗಡಿ ಆಗ್ಯಾದ.”