ಮ್ಯಾಂಚೆಸ್ಟರಿನಲ್ಲಿ ಕಲಿತ ಕೊಂಡಿ

ಪರದೇಶಕ್ಕೆ ಹೋಗಿ ಓದಿ ಬಂದವನಿಗೆ ಊರಿನಲ್ಲಿ ಒಂದು ಸೌಕರ್ಯವಿದೆ, ಒಂದು ತೊಂದರೆಯೂ ಇದೆ. ಅಲ್ಲಿ ಏನು ಕಲಿತೆ ಎಂದು ಯಾರೂ ಕೇಳುವುದಿಲ್ಲ, ಇದು ಸೌಕರ್ಯ. ಎಲ್ಲವನ್ನೂ ಕಲಿತಿದ್ದಾನೆ ಎಂದು ತಿಳಿದುಬಿಡುತ್ತಾರೆ, ಇದು ತೊಂದರೆ. ನಾನು ಮ್ಯಾಂಚೆಸ್ಟರಿನ ನೇಯ್ಗೆ ಶಾಲೆಯಲ್ಲಿ ಎರಡು ವರ್ಷ ಕಳೆದು ಇಳಕಲ್ಲಿಗೆ ಮರಳಿ ಈಗ ಹದಿನಾರು ವರ್ಷವಾಯಿತು. ಅಂದಿನಿಂದ ಜನ ನನ್ನ ಹತ್ತಿರ ನಿಂತುಹೋದ ಗಡಿಯಾರ ತಂದಿದ್ದಾರೆ, ಹಲ್ಲುನೋವು ತಂದಿದ್ದಾರೆ, ಗಂಡಹೆಂಡಿರ ಜಗಳ ತಂದಿದ್ದಾರೆ. ಹೋದ ವಾರ ಅಮೀನಗಡದ ರೈತರೊಬ್ಬರು ಒದೆಯುವ ಎಮ್ಮೆಯ ವಿಷಯ ಕೇಳಲು ಬಂದಿದ್ದರು. "ವಿಲಾಯತಿಯೊಳಗ ಇದಕ್ಕ ಏನ ಮಾಡ್ತಾರ್ರಿ?" ಎಂದರು. ಅಲ್ಲಿ ಎಮ್ಮೆಯನ್ನೇ ಸಾಕುವುದಿಲ್ಲ ಎಂದೆ. ಅವರು "ಭಾಳ ಶಾಣ್ಯಾ ಮಂದಿ ಬಿಡ್ರಿ," ಎಂದು ಎದ್ದು ಹೋದರು.

ಯಾರೂ ಕೇಳದ ಆ ಪ್ರಶ್ನೆಗೆ ಇವತ್ತು ನಾನೇ ಉತ್ತರ ಹೇಳಿಬಿಡುತ್ತೇನೆ. ನಮ್ಮದು ಸೀರೆಯ ಅಂಗಡಿ. ನೇಕಾರರಿಗೆ ನೂಲು, ರೇಷ್ಮೆ ಕೊಡುವುದು, ಅವರು ನೇಯ್ದ ಸೀರೆ ತೆಗೆದುಕೊಂಡು ಮಾರುವುದು. ಮಗ್ಗದ ಸದ್ದನ್ನು ತೊಟ್ಟಿಲಲ್ಲಿದ್ದಾಗಿನಿಂದ ಕೇಳಿದವನು ನಾನು, ಆದರೆ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಒಂದು ಗಳಿಗೆಯೂ ಕುಳಿತವನಲ್ಲ. ನನಗೆ ಬರುತ್ತಿದ್ದ ವಿದ್ಯೆ ಒಂದೇ: ಮಡಿಸಿದ ಸೀರೆಯನ್ನು ಒಂದೇ ಸಲ ಝಾಡಿಸಿ ಬಿಚ್ಚಿ, ಸೆರಗು ಸರಿಯಾಗಿ ಗಿರಾಕಿಯ ತೊಡೆಯ ಮೇಲೆ ಹೋಗಿ ಬೀಳುವಂತೆ ಮಾಡುವುದು. ಗಿರಣಿಯ ಬಟ್ಟೆ ಸಂತೆ ಸಂತೆಗೂ ಬರತೊಡಗಿದಾಗ ನಮ್ಮಪ್ಪ ನನ್ನನ್ನು ಕರೆದು, "ಅವರು ಅದನ್ನ ಹ್ಯಾಂಗ ಮಾಡ್ತಾರ ಅನ್ನೂದು ನೋಡಿಕೊಂಡು ಬಾ," ಎಂದರು. ಪಕ್ಕದ ಹುನಗುಂದಕ್ಕೆ ಹೋಗಿ ಬಾ ಎಂದ ಹಾಗೆ. ನಾನು ಬಾಗಲಕೋಟೆಯವರೆಗೆ ಗಾಡಿಯಲ್ಲಿ, ಮುಂಬಯಿವರೆಗೆ ರೈಲಿನಲ್ಲಿ, ಅಲ್ಲಿಂದಾಚೆ ಹೊಟ್ಟೆ ಹಿಡಿದುಕೊಂಡು ಹಡಗಿನಲ್ಲಿ ಹೋದೆ.

ಗುರುವಿನ ಮನೆಗೆ ಬರಿಗೈಯಲ್ಲಿ ಹೋಗಬಾರದೆಂದು ನಮ್ಮವ್ವ ಮಾಸ್ತರರ ಹೆಂಡತಿಗೆ ಒಂದು ಸೀರೆ ಕಟ್ಟಿಕೊಟ್ಟಿದ್ದಳು. ಕಪ್ಪು ಮೈ, ಕೆಂಪು ರೇಷ್ಮೆಯ ಸೆರಗು. ಆ ತಾಯಿ ಅದನ್ನು ಹಿಡಿದು ಬಹಳ ಸಂತೋಷಪಟ್ಟು, ಊಟದ ಮೇಜಿಗೆ ಹಾಸಿದಳು. ನನ್ನ ಕಷ್ಟವೆಲ್ಲ ಶುರುವಾದದ್ದು ಆ ಮೇಜಿನಿಂದ. ಮಾಸ್ತರರು ಒಂದು ದಿನ ಊಟ ಮಾಡುತ್ತ ಕುಳಿತವರು, ಸೆರಗು ಮೈಗೆ ಕೂಡುವ ಜಾಗವನ್ನು ಕಂಡರು. ಭೂತಗನ್ನಡಿ ತಂದು ನೋಡಿದರು. ಹೊಲಿದದ್ದಲ್ಲ, ಗಂಟು ಹಾಕಿದ್ದಲ್ಲ. ಮೈಯ ಉದ್ದದ ಎಳೆಗಳ ಹಾಸೇ ಬೇರೆ, ಸೆರಗಿನ ಹಾಸೇ ಬೇರೆ. ಇದರ ಎಳೆಯ ಕೊಂಡಿಯಲ್ಲಿ ಅದರ ಎಳೆಯ ಕೊಂಡಿ ಸಿಕ್ಕಿಸಿ ಎರಡನ್ನೂ ಒಂದು ಮಾಡಿದ್ದಾರೆ. ನಮ್ಮ ಊರಿನಲ್ಲಿ ಇದನ್ನು ಓಣಿಯ ಹೆಂಗಸರು ಮಾತಾಡುತ್ತ ಮಾಡುತ್ತಾರೆ.

ಮರುದಿನ ಮಾಸ್ತರರು ಎಲ್ಲರೆದುರಿಗೆ ನನ್ನನ್ನು ಎಬ್ಬಿಸಿ, "ನೀವು ಮನೆತನದಿಂದ ನೇಕಾರರು, ಅಲ್ಲವೇ?" ಎಂದರು. ಸಾವಕಾರರು ಎನ್ನಬೇಕಾಗಿತ್ತು. ಆದರೆ ಅಲ್ಲಿಯವರೆಗೆ ನಾನು ಬಟ್ಟೆಯನ್ನು ಬೆಳಕಿಗೆ ಹಿಡಿದು, ಹೆಬ್ಬೆರಳಲ್ಲಿ ಉಜ್ಜಿ, ಅಂಗಡಿಯಲ್ಲಿ ನೇಕಾರನಿಗೆ ಹೇಳುವಂತೆ ತಪ್ಪು ತೆಗೆಯುತ್ತಿದ್ದುದನ್ನು ನೋಡಿ ಇಡೀ ವರ್ಗ ನನ್ನನ್ನು ದೊಡ್ಡ ಕಸುಬುದಾರ ಎಂದು ನಂಬಿತ್ತು. ಆ ನಂಬಿಕೆ ನನಗೂ ಹಿತವಾಗಿತ್ತು. ಹೌದು ಎಂದೆ. "ಹಾಗಾದರೆ ವರ್ಷದ ಕೊನೆಯ ಸಭೆಯಲ್ಲಿ ದೊಡ್ಡ ಮನುಷ್ಯರ ಮುಂದೆ ಇದನ್ನು ಮಾಡಿ ತೋರಿಸಿ," ಎಂದರು. ಸರ್ಟಿಫಿಕೇಟು ಕೊಡುವುದೂ ಅದೇ ಸಭೆಯಲ್ಲಿ. ಮಾಸ್ತರರು ಸುಳ್ಳನ್ನು ಸಹಿಸುವವರಲ್ಲ. ಹಿಂದಿನ ವರ್ಷ ಬೇರೆಯವರ ನೇಯ್ಗೆಯ ನಕಾಶೆಯನ್ನು ತನ್ನದೆಂದ ಒಬ್ಬನಿಗೆ ಸಹಿ ಹಾಕದೆ ಮನೆಗೆ ಕಳಿಸಿದ್ದರು. ಇತ್ತ ನಮ್ಮ ಅಂಗಡಿಯ ಗುಮಾಸ್ತ ಮೆಹಬೂಬಸಾಬರು ಅದೇ ವಾರ ಕೈಸೇರಿದ ಕಾಗದದಲ್ಲಿ ಬರೆದಿದ್ದರು: ನಿಮ್ಮ ಸರ್ಟಿಫಿಕೇಟು ತೂಗುಹಾಕಲು ಅಪ್ಪಾಜಿಯವರು ಗೋಡೆಗೆ ಮೊಳೆ ಹೊಡೆಸಿದ್ದಾರೆ, ಬಂದವರಿಗೆಲ್ಲ ಮೊಳೆ ತೋರಿಸುತ್ತಿದ್ದಾರೆ.

ನಾನು ಮೆಹಬೂಬಸಾಬರಿಗೆ ಗುಟ್ಟಾಗಿ ಬರೆದೆ. ನಮ್ಮ ಮನೆಯಿಂದ ಐದನೆಯ ಮನೆಯ ಸಂಕವ್ವನನ್ನು ಕೇಳಿ, ಕೊಂಡಿ ಹಾಕುವ ಕ್ರಮ ಬರೆದು ಕಳಿಸಿರಿ, ಅಪ್ಪನಿಗೆ ತಿಳಿಯಬಾರದು ಎಂದು. ಕಾಗದ ಹೋಗಲು ಮೂರು ವಾರ, ಬರಲು ಮೂರು ವಾರ. ಅವರು ಮುತ್ತಿನಂಥ ಅಕ್ಷರದಲ್ಲಿ ಉತ್ತರ ಬರೆದಿದ್ದರು: "ಸಂಕವ್ವಳನ್ನು ವಿಚಾರಿಸಲಾಗಿ ಅವಳು ಹೇಳಿದ್ದೇನೆಂದರೆ, ಸೆರಗಿನ ಎಳಿ ಒಂದ ಹಿಡೀಬೇಕು, ಮೈ ಎಳಿ ಒಂದ ಹಿಡೀಬೇಕು, ಆಮ್ಯಾಲೆ ಹ್ಯಾಂಗ ಹಾಕ್ತಾರ ಹಂಗ ಹಾಕಬೇಕು. ಇಷ್ಟಕ್ಕೂ ತಿಳೀಲಿಲ್ಲಂದ್ರ ಬಂದು ಮಗ್ಗಲ್ದಾಗ ಕುಂದ್ರಂತ ಹೇಳ್ರಿ, ತೋರಸ್ತೇನಿ." ಪುಣ್ಯಕ್ಕೆ ಅವಳು ಜೊತೆಗೆ ಒಂದು ತುಂಡು ಮಾಡಿ ಕೊಟ್ಟಿದ್ದಳು. ನಾಲ್ಕು ಬೆರಳು ಸೆರಗು, ನಾಲ್ಕು ಬೆರಳು ಮೈ, ನಡುವೆ ಕೊಂಡಿಗಳ ಸಾಲು. ಮೆಹಬೂಬಸಾಬರು ಅದನ್ನು ಕರದಂಟಿನ ಡಬ್ಬಿಯಲ್ಲಿ ಕರದಂಟಿನ ಸಮೇತ ಇಟ್ಟು ಕಳಿಸಿದ್ದರಿಂದ, ಅರ್ಧ ಎಳೆಗಳು ಬೆಲ್ಲಕ್ಕೆ ಅಂಟಿಕೊಂಡಿದ್ದವು.

ಮ್ಯಾಂಚೆಸ್ಟರಿನಲ್ಲಿ ನಾನು ಇದ್ದ ಮನೆಯ ಒಡತಿ ಗಂಡ ಸತ್ತ ಮುದುಕಿ. ಅವಳ ಇಂಗ್ಲಿಷಿಗೂ ನಾನು ಓದಿದ ಇಂಗ್ಲಿಷಿಗೂ ನಮ್ಮ ಸಂತೆಯ ಮಾತಿಗೂ ಪುರಾಣದ ಮಾತಿಗೂ ಇರುವಷ್ಟು ದೂರ. ಆದ್ದರಿಂದ ಅವಳು ಆಡಿದ್ದನ್ನು ನಮ್ಮ ಮಾತಿನಲ್ಲೇ ಬರೆಯುತ್ತೇನೆ. ಹಾಗೆ ಬರೆದರೇ ಅದು ಅವಳ ಮಾತಿನಂತೆ ಕೇಳುತ್ತದೆ. ಅವಳ ಅಡಿಗೆಮನೆಯ ಮೇಜಿನ ಮುಂದೆ ಕುಳಿತು ನಾನು ಆ ತುಂಡಿನ ಕೊಂಡಿಗಳನ್ನು ಒಂದೊಂದಾಗಿ ಬಿಚ್ಚುತ್ತಿದ್ದೆ. ಬಿಚ್ಚುವುದು ಸಲೀಸಾಗಿ ಬರುತ್ತಿತ್ತು.

"ಮೂರ ದಿನದಿಂದ ನೋಡಾಕತ್ತೇನಿ," ಎಂದಳು ಮುದುಕಿ, "ದಾರ ಹಿಡಕೊಂಡು ಸತ್ತವರ ಮನ್ಯಾಗ ಕುಂತಂಗ ಕುಂತಿ. ಏನದು?"

ಹೇಳಿದೆ. ಯಾರಿಗಾದರೂ ಹೇಳಲೇಬೇಕಾಗಿತ್ತು.

"ಮತ್ತ ನೇಕಾರ ಅಂತ ಹೇಳಿದ್ದಿ?"

"ನೇಕಾರರಲ್ಲ. ನೇಯಿಸಿ ಮಾರುವವರು."

"ಹಂಗಂದ್ರ ನಮ್ಮ ಗಿರಣಿ ಮಾಲಕನಂಗ. ಅವಂಗೂ ಒಂದ ಎಳಿ ಕೂಡಸಾಕ ಬರತಿದ್ದಿಲ್ಲ. ಆದ್ರ ಅವನ್ನ ಯಾರೂ ನಿಲ್ಲಿಸಿ ಮಾಡಿ ತೋರಸಂತ ಕೇಳಲಿಲ್ಲ. ಕೊಡ ಇಲ್ಲೆ."

ಅವಳು ಇಪ್ಪತ್ತೆಂಟು ವರ್ಷ ಗಿರಣಿಯಲ್ಲಿ ಮುಗಿದ ಹಾಸಿನ ಎಳೆಗೆ ಹೊಸ ಹಾಸಿನ ಎಳೆ ಕೂಡಿಸಿದವಳೆಂದು ನನಗೆ ಗೊತ್ತಾದದ್ದು ಆವತ್ತು. ಒಂದೂವರೆ ವರ್ಷ ಅವಳ ಮನೆಯಲ್ಲಿ ಉಂಡಿದ್ದೆ. ಪ್ರತಿದಿನ ಎಷ್ಟು ಮಳೆ ಬಂತೆಂದು ನನ್ನ ದಿನಚರಿಯಲ್ಲಿ ಬರೆದಿದ್ದೆ. ಅವಳೇನು ಮಾಡಿಕೊಂಡಿದ್ದಳೆಂದು ಮಾತ್ರ ಕೇಳಿರಲಿಲ್ಲ. ಬೆಲ್ಲ ಅಂಟಿದ ಎಳೆಗಳನ್ನು ಬಿಸಿನೀರಿನಲ್ಲಿ ಅದ್ದಿ ತೊಳೆದಳು. ಮೂರು ಕೊಂಡಿ ಬಿಚ್ಚಿದಳು, ಕಿಟಕಿಯ ಕಡೆ ಹಿಡಿದು ನೋಡಿದಳು, ನಾಲ್ಕನೆಯದನ್ನು ಹಾಕಿದಳು. "ಇದನ್ನ ಮಾಡಿದಾಕಿ ಶಾಣ್ಯಾಕಿ ಅದಾಳ," ಎಂದು ಒಂದು ಚೂರು ಕರದಂಟು ಬಾಯಿಗೆ ಹಾಕಿಕೊಂಡಳು. ಆಮೇಲೆ ಆರು ವಾರ, ದಿನಾ ಚಹಾ ಆದ ಮೇಲೆ, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದಳು. ನನ್ನ ಬೆರಳುಗಳನ್ನು ಅವಳು ಬದನೆಕಾಯಿಗೆ ಹೋಲಿಸಿದ್ದನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ.

ಸಭೆಯ ದಿನ ಇಪ್ಪತ್ತು ಕೊಂಡಿ ಹಾಕಿದೆ, ಹದಿನೇಳು ನಿಂತವು. ಬಂದ ದೊಡ್ಡ ಮನುಷ್ಯರಲ್ಲಿ ಒಬ್ಬರು, "ಇದು ಕಲಿಸಿ ಬರುವಂಥದ್ದಲ್ಲ, ರಕ್ತದಲ್ಲಿರಬೇಕು," ಎಂದರು. ಮಾಸ್ತರರು ಪಕ್ಕದಲ್ಲಿ ನಿಂತು ಪ್ರತಿಯೊಂದು ತಿರುವಿನ ಚಿತ್ರ ಬರೆದುಕೊಂಡರು, ಸರ್ಟಿಫಿಕೇಟಿಗೆ ಸಹಿಯನ್ನೂ ಹಾಕಿದರು.

ಊರಿಗೆ ಬಂದ ಮೂರನೆಯ ದಿನ ನಮ್ಮಪ್ಪ ಸಂಕವ್ವನನ್ನು ಅಂಗಡಿಗೆ ಕರೆಸಿ, "ನಿಮ್ಮ ಕೊಂಡಿ ಕೆಲಸ ವಿಲಾಯತಿ ಮಂದಿ ಮುಂದ ಮಾಡಿ ತೋರಿಸ್ಯಾನ ನಮ್ಮ ಹುಡುಗ. ನೋಡು," ಎಂದರು. ಅಪ್ಪನ ಎದುರಿಗೇ ಹತ್ತು ಕೊಂಡಿ ಹಾಕಿದೆ. ಸಂಕವ್ವ ಅದನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು. ಅಷ್ಟು ಹೊತ್ತೂ ಅಪ್ಪ ಅವಳ ಮುಖ ನೋಡುತ್ತಿದ್ದರು, ನಾನು ನೆಲ ನೋಡುತ್ತಿದ್ದೆ.

"ಗಟ್ಟಿ ಅದಾವ್ರಿ ಸಾವಕಾರ್ರ," ಎಂದಳು. ಅಪ್ಪ ತೃಪ್ತರಾಗಿ ಒಳಗೆ ಹೋದರು. ಆಮೇಲೆ ಅವಳು ಮೆಲ್ಲಗೆ, "ತಮ್ಮಾ, ನಿನಗ ಕಲಿಸಿದಾಕಿ ಎಡಚಿ ಅದಾಳೇನು?" ಎಂದಳು.

ಮುದುಕಿ ಚಹಾ ಸುರಿಯುತ್ತಿದ್ದ ಕೈಯನ್ನು ಆಗ ನೆನೆಸಿಕೊಂಡೆ. ಹೌದು, ಎಡಗೈ.

"ತಿರುವೆಲ್ಲಾ ಉಲ್ಟಾ ಅದಾವು. ನಮ್ಮೂರಾಗ ಹಿಂಗ ಯಾರೂ ಹಾಕೂದಿಲ್ಲ."

"ಕಲಿಸಿದಾಕಿ ಅಂತ ಹ್ಯಾಂಗ ತಿಳೀತು ನಿನಗ? ಕಲಿಸಿದಾಂವ ಇರಬಹುದಲ್ಲ?"

"ಇಷ್ಟ ಸಣ್ಣ ಕೊಂಡಿ ಗಂಡಸ್ರು ಹಾಕ್ತಾರೇನು?" ಎಂದು ನಕ್ಕಳು. "ಆರಾಮ ಅದಾಳಾ ಆಕಿ?" ನಮ್ಮಪ್ಪನಿಗೆ ಅವಳು ಕೊನೆಯವರೆಗೂ ಹೇಳಲಿಲ್ಲ.

ಇಲ್ಲಿಗೆ ಮುಗಿದಿದ್ದರೆ ನಾನು ಬಚಾವಾದೆ ಎನ್ನಬಹುದಾಗಿತ್ತು. ಆದರೆ ನಮ್ಮ ಮಾಸ್ತರರು ಆ ಚಿತ್ರಗಳನ್ನು ಪುಸ್ತಕ ಮಾಡಿದರು. ಹೋದ ವರ್ಷ ಆ ಪುಸ್ತಕ ಹಿಡಿದುಕೊಂಡು ಒಬ್ಬ ಅಧಿಕಾರಿ ಇಳಕಲ್ಲಿಗೆ ಬಂದರು. ಎಂಟು ದಿನ ಓಣಿ ಓಣಿ ತಿರುಗಿ, ಮಗ್ಗ ಮಗ್ಗದ ಮುಂದೆ ಬಗ್ಗಿ ನೋಡಿ, ಕೊನೆಗೆ ನಮ್ಮ ಅಂಗಡಿಗೆ ಬಂದು ಕುಳಿತು ನಿಟ್ಟುಸಿರು ಬಿಟ್ಟರು. ಪುಸ್ತಕದಲ್ಲಿದ್ದ ಹಳೆಯ ಅಸಲು ಪದ್ಧತಿ ಈ ಊರಿನಲ್ಲಿ ಪೂರ್ತಿ ನಶಿಸಿದೆ, ಈಗಿನವರೆಲ್ಲ ಉಲ್ಟಾ ಹಾಕುತ್ತಿದ್ದಾರೆ, ಬಲ್ಲವರು ನೀವೊಬ್ಬರೇ, ನಾಲ್ಕು ಜನರಿಗಾದರೂ ಕಲಿಸಿ ಉಳಿಸಬೇಕು ಎಂದರು. ನಾನು ಖಂಡಿತ ಎಂದೆ.

ಈ ಮಾತು ಸಂಕವ್ವನ ಕಿವಿಗೆ ಬಿತ್ತು. ಈಗ ಅವಳಿಗೆ ಕಣ್ಣು ಮಂಜು. ಆದರೂ ಮರುದಿನ ಬೆಳಿಗ್ಗೆ ಕೋಲು ಊರಿಕೊಂಡು ಬಂದು ನಮ್ಮ ಕಟ್ಟೆಯ ಮೇಲೆ ಕುಳಿತು, "ಕಲಸಪಾ ಮಾಸ್ತರ," ಎಂದು ಎಡಗೈ ಮುಂದೆ ಮಾಡಿದಳು. ಒಂದು ಸಲ ಹಾಕಿ ತೋರಿಸಿದೆ. ನನಗೆ ಆರು ವಾರ ಹಿಡಿದ ವಿದ್ಯೆ ಅವಳಿಗೆ ಬಾಯಲ್ಲಿದ್ದ ಎಲೆ ಅಡಿಕೆ ಮುಗಿಯುವುದರೊಳಗೆ ಬಂತು. ನಾನು ಈವರೆಗೆ ಕಲಿಸಿದ ಶಿಷ್ಯರಲ್ಲಿ ಪಾಸಾದವಳು ಅವಳೊಬ್ಬಳೇ. ಎರಡನೆಯ ಪಾಠ ಯಾವಾಗ ಎಂದು ಕೇಳಿದಳು. ನನಗೆ ಅಷ್ಟೇ ಬರುವುದು ಎಂದೆ.